ಇಲ್ಲದ ಅರಮನೆ ಇರುವ ನಕ್ಷೆ: ಬ್ರಿಟನ್ನಿನ ಹಳೆಯ ಕೌಂಟಿ ನಕ್ಷೆಗಳನ್ನು ಓದುವ ಬಗೆ

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರವಾಗಿ ಒಂದು ನಕ್ಷೆಯಿಂದಲೇ ಶುರು ಮಾಡೋಣ.

ಪರದೆಯ ಮೇಲೆ ಕಾಣುತ್ತಿರುವುದು ಇಂಗ್ಲೆಂಡಿನ ಸರ್ರೆ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಲಂಡನ್ನಿನಿಂದ ಥೇಮ್ಸ್ ನದಿ ದಾಟಿ ದಕ್ಷಿಣಕ್ಕೆ ಬಂದರೆ ಸಿಗುವ ಸೀಮೆ. ಈ ನಕ್ಷೆಯನ್ನು ಸಿದ್ಧಪಡಿಸಿದವನು ಜಾನ್ ಸ್ಪೀಡ್. ತಾಮ್ರದ ತಗಡಿನ ಮೇಲೆ ಕೆತ್ತಿದವನು ಆಮ್‌ಸ್ಟರ್‌ಡ್ಯಾಮಿನ ಯೊಡೋಕಸ್ ಹೊಂಡಿಯಸ್. ಕಾಲ 1610ರ ಆಸುಪಾಸು. ಮೇಲ್ಭಾಗದಲ್ಲಿ ಎರಡು ಅರಮನೆಗಳ ಚಿತ್ರ ಇದೆ ನೋಡಿ. ಒಂದು ರಿಚ್ಮಂಡ್, ಇನ್ನೊಂದು ನಾನ್‌ಸಚ್.

ನಾನ್‌ಸಚ್ ಅರಮನೆಯನ್ನು ಎಂಟನೇ ಹೆನ್ರಿ 1538ರಲ್ಲಿ ಕಟ್ಟಿಸಲು ತೊಡಗಿದ. ಅದಕ್ಕೆ ಜಾಗ ಬೇಕೆಂದು ಕಡ್ಡಿಂಗ್ಟನ್ ಎಂಬ ಹಳ್ಳಿಯನ್ನು ಚರ್ಚಿನ ಸಮೇತ ಕೆಡವಿಸಿದ. ಮುಂದೆ ಎರಡನೇ ಚಾರ್ಲ್ಸ್ ಆ ಅರಮನೆಯನ್ನು ತನ್ನ ಪ್ರೇಯಸಿ ಬಾರ್ಬರಾ ವಿಲಿಯರ್ಸ್‌ಗೆ ಕೊಟ್ಟ. ಅವಳು 1680ರ ದಶಕದಲ್ಲಿ ಅದನ್ನು ಕಳಚಿಸಿ ಸಾಮಾನು ಸರಂಜಾಮೆಲ್ಲ ಮಾರಿಸಿದಳು. ರಿಚ್ಮಂಡ್ ಅರಮನೆಯ ಬಹುಪಾಲು ಅದಕ್ಕೂ ಮೊದಲೇ, ಒಂದನೇ ಚಾರ್ಲ್ಸನ ತಲೆ ಕಡಿದ ಮೇಲೆ, ಮಾರಾಟವಾಗಿ ನೆಲಸಮ ಆಗಿತ್ತು. ಆದರೆ ಸ್ಪೀಡ್‌ನ ತಗಡುಗಳು ಕೈಯಿಂದ ಕೈಗೆ ದಾಟುತ್ತಾ ಹೆನ್ರಿ ಓವರ್‌ಟನ್ ಎಂಬ ಲಂಡನ್ ವ್ಯಾಪಾರಿಯ ಹತ್ತಿರ ಬಂದವು. ಅವನು 18ನೇ ಶತಮಾನದಲ್ಲೂ ಅವುಗಳಿಂದ ಅಚ್ಚು ತೆಗೆದು ಮಾರಿದ. ನೆಲದ ಮೇಲೆ ಇಲ್ಲದ ಎರಡು ಅರಮನೆಗಳು ಕಾಗದದ ಮೇಲೆ ಕಮಾನು, ಗೋಪುರ, ಕಿಟಕಿ ಸಮೇತ ನಿಂತೇ ಇದ್ದವು.

ಈಗ ಇದರ ಪಕ್ಕ ಅದೇ ಸ್ಪೀಡ್‌ನ ಸ್ಕಾಟ್ಲೆಂಡ್ ನಕ್ಷೆ ಇಟ್ಟು ನೋಡಿ. ಮೊದಲ ಅಚ್ಚುಗಳಲ್ಲಿ ಎರಡೂ ಅಂಚಿನಲ್ಲಿ ದೊರೆ ಜೇಮ್ಸ್, ರಾಣಿ ಆನ್, ಇಬ್ಬರು ರಾಜಕುಮಾರರು ನಿಂತಿದ್ದಾರೆ. ಆ ಇಬ್ಬರಲ್ಲಿ ಕಿರಿಯವನೇ ಮುಂದೆ ಒಂದನೇ ಚಾರ್ಲ್ಸ್ ಆದವನು. 1649ರಲ್ಲಿ ಅವನನ್ನು ಕೊಂದರು. 1652ರ ಸುಮಾರಿಗೆ ಬಂದ ಅಚ್ಚಿನಲ್ಲಿ ರಾಜಮನೆತನ ಪೂರ್ತಿ ಮಾಯ. ಅವರ ಜಾಗದಲ್ಲಿ ಸ್ಕಾಟ್ಲೆಂಡಿನ ಸಾಮಾನ್ಯ ಗಂಡಸು, ಹೆಂಗಸು, ಗುಡ್ಡಗಾಡಿನ ಗಂಡಸು, ಹೆಂಗಸು. ನಡುವಿನ ಬೆಟ್ಟ, ಹೊಳೆ, ಊರು ಮಾತ್ರ ಹಾಗೆಯೇ.

ಈ ಎರಡು ನಕ್ಷೆಗಳ ನಡುವೆ ನಾನು ಇವತ್ತು ಹೇಳಬೇಕಾದ ಮಾತು ಇದೆ. ಹಳೆಯ ನಕ್ಷೆಯಲ್ಲಿ ಯಾವುದನ್ನು ತಿದ್ದೋದು ಅಗ್ಗವೋ, ಮಾರಾಟಕ್ಕೆ ಯಾವುದು ಅಡ್ಡಿಯೋ, ಅದನ್ನು ತಿದ್ದಿದ್ದಾರೆ. ತಿದ್ದಲು ಮತ್ತೆ ಊರೂರು ಸುತ್ತಿ ಅಳೆಯಬೇಕು ಅಂದರೆ ಬಿಟ್ಟುಬಿಟ್ಟಿದ್ದಾರೆ. ಹಾಗಾಗಿ ನಕ್ಷೆಯ ಮೂಲೆಯಲ್ಲಿ ಬರೆದಿರುವ ಇಸವಿ ನೋಡಿ, ಆ ಇಸವಿಯಲ್ಲಿ ನಾಡು ಹೀಗಿತ್ತು ಅಂದುಕೊಳ್ಳಬಾರದು. ಒಂದೇ ಹಾಳೆಯಲ್ಲಿ ಎರಡು ಮೂರು ಕಾಲ ಕೂತಿರುತ್ತದೆ. ಅವನ್ನು ಬಿಡಿಸಿ ನೋಡೋದೇ ಈ ನಕ್ಷೆಗಳನ್ನು ಓದುವ ಕೆಲಸ, ಮತ್ತು ಅದರಲ್ಲಿರುವ ಸಂತೋಷ.

ಇದು ಹೀಗಾಗಲು ಕಾರಣ ತಾಮ್ರ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕೆತ್ತುವವನು ತಾಮ್ರದ ತಗಡನ್ನು ಕನ್ನಡಿಯ ಹಾಗೆ ನುಣ್ಣಗೆ ಉಜ್ಜಿಕೊಳ್ಳುತ್ತಾನೆ. ಮೇಲೆ ತೆಳುವಾಗಿ ಮೇಣ ಹಚ್ಚಿ ಚಿತ್ರವನ್ನು ಎಡಬಲ ತಿರುಗಿಸಿ ಇಳಿಸಿಕೊಳ್ಳುತ್ತಾನೆ. ಅಚ್ಚಾದಾಗ ಎಲ್ಲ ತಿರುಗುಮುರುಗು ಆಗುತ್ತಲ್ಲ, ಅದಕ್ಕೆ. ಪ್ರತಿ ಊರಿನ ಹೆಸರನ್ನೂ ಹಿಂದುಮುಂದಾಗಿ ಕೆತ್ತಬೇಕು. ತಗಡಿನ ಕೆಳಗೆ ಮರಳು ತುಂಬಿದ ಚರ್ಮದ ದಿಂಬು. ಕೈಯಲ್ಲಿ ಚೂಪು ಮೊನೆಯ ಸಣ್ಣ ಉಳಿ. ಗೆರೆ ಬಾಗಬೇಕಾದಾಗ ಉಳಿಯನ್ನಲ್ಲ, ಇನ್ನೊಂದು ಕೈಯಿಂದ ತಗಡನ್ನೇ ತಿರುಗಿಸುತ್ತಾನೆ. ನಕ್ಷೆಯಲ್ಲಿ ಹೊಳೆಯೊಂದು ಸಲೀಸಾಗಿ ಬಳುಕಿದ್ದರೆ, ಅಲ್ಲಿ ಎರಡು ಕೈಗಳೂ ಒಟ್ಟಿಗೆ ಕೆಲಸ ಮಾಡಿವೆ ಎಂದರ್ಥ.

ಅಚ್ಚು ಹಾಕುವಾಗ ತಗಡನ್ನು ಬೆಚ್ಚಗೆ ಮಾಡಿ ಮಸಿ ಬಳಿಯುತ್ತಾರೆ. ಆಮೇಲೆ ಬಟ್ಟೆಯಿಂದ, ಕೊನೆಗೆ ಬರಿ ಅಂಗೈಯಿಂದ ಒರೆಸುತ್ತಾರೆ. ಮೇಲಿನ ಮಸಿ ಹೋಗಿ, ಕೆತ್ತಿದ ಗೀರುಗಳ ಒಳಗಿನದು ಮಾತ್ರ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿ ಎಳೆದರೆ, ಕಾಗದ ಗೀರಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಹಳೆಯ ಅಚ್ಚಿನ ಮೇಲೆ ಬೆರಳು ಮೆಲ್ಲಗೆ ಆಡಿಸಿದರೆ ಗೆರೆಗಳು ಉಬ್ಬಿರೋದು ಗೊತ್ತಾಗುತ್ತದೆ. ಇನ್ನೊಂದು ವಿಷಯ: ಒದ್ದೆ ಕಾಗದ ಒಣಗುವಾಗ ಕುಗ್ಗುತ್ತದೆ. ಹಾಗಾಗಿ ಒಂದೇ ತಗಡಿನ ಎರಡು ಅಚ್ಚುಗಳನ್ನು ಅಳೆದರೆ ಅಳತೆ ಕೊಂಚ ಬೇರೆ ಬರಬಹುದು.

ತಿದ್ದುವುದು ಹೇಗೆ? ಬೇಡದ ಗೆರೆಯನ್ನು ಕೆರೆದು ಉಜ್ಜುತ್ತಾರೆ. ಅಲ್ಲಿ ತಗ್ಗು ಬೀಳುತ್ತದೆ. ತಗಡನ್ನು ಮಗುಚಿ, ಸರಿಯಾಗಿ ಅದೇ ಜಾಗಕ್ಕೆ ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದು ಮೇಲೆ ತಂದು, ಮತ್ತೆ ನುಣುಪು ಮಾಡಿ, ಹೊಸದಾಗಿ ಕೆತ್ತುತ್ತಾರೆ. ಒಂದು ಹೆಸರನ್ನೋ ಲಾಂಛನವನ್ನೋ ಹೀಗೆ ಬದಲಿಸಬಹುದು. ಇಡೀ ಜಿಲ್ಲೆಯ ಹೊಳೆ, ಗುಡ್ಡಗಳನ್ನು ಹೀಗೆ ಬದಲಿಸಲು ಹೊರಟರೆ ಹೊಸ ತಗಡು ಕೆತ್ತಿಸೋದೇ ವಾಸಿ. ಅಳಿಸಿದ ಅಕ್ಷರದ ಜಾಡು ಕೆಲವೊಮ್ಮೆ ಪೂರ್ತಿ ಹೋಗಿರುವುದಿಲ್ಲ. ಭೂತಗನ್ನಡಿ ಹಿಡಿದರೆ ಹೊಸ ಹೆಸರಿನ ಕೆಳಗೆ ಹಳೆಯ ಹೆಸರಿನ ತುಣುಕು ಸಿಗುತ್ತದೆ. ನನಗೆ ಅತಿ ಖುಷಿ ಕೊಡುವ ಗಳಿಗೆ ಅದು.

ಈ ಪರಂಪರೆಯ ಮೊದಲಿಗ ಕ್ರಿಸ್ಟೋಫರ್ ಸ್ಯಾಕ್ಸ್‌ಟನ್, ಯಾರ್ಕ್‌ಶೈರ್‌ನವನು. 1574ರಿಂದ 1578ರವರೆಗೆ ಅವನ ನಕ್ಷೆಗಳು ಒಂದೊಂದಾಗಿ ಕೆತ್ತಲ್ಪಟ್ಟವು. 1579ರಲ್ಲಿ ಎಲ್ಲ ಸೇರಿ ಪುಸ್ತಕವಾಯಿತು. 34 ಕೌಂಟಿ ನಕ್ಷೆ, ಜೊತೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಂದು ಒಟ್ಟು ನಕ್ಷೆ. ಕೆಲವು ಹಾಳೆಗಳಲ್ಲಿ ಮೂರು ನಾಲ್ಕು ಕೌಂಟಿ ಒಟ್ಟಿಗೆ ಇವೆ. ಕೆಂಟ್, ಸರ್ರೆ, ಸಸೆಕ್ಸ್, ಮಿಡ್ಲ್‌ಸೆಕ್ಸ್ ನಾಲ್ಕೂ ಒಂದೇ ಹಾಳೆಯಲ್ಲಿ. ಒಂದು ದೇಶವನ್ನು ಜಿಲ್ಲೆ ಜಿಲ್ಲೆಯಾಗಿ ಅಳೆದು ಇಷ್ಟು ಚೆಂದವಾಗಿ ಅಚ್ಚು ಹಾಕಿದ ಕೆಲಸ ಬ್ರಿಟನ್ನಿನಲ್ಲಿ ಅದಕ್ಕೂ ಮೊದಲು ಆಗಿರಲಿಲ್ಲ.

ದುಡ್ಡು ಹಾಕಿದವನು ಥಾಮಸ್ ಸೆಕ್‌ಫರ್ಡ್, ಎಲಿಜಬೆತ್ ರಾಣಿಯ ಆಸ್ಥಾನದ ಅಧಿಕಾರಿ. ಅವನ ಲಾಂಛನ ನಕ್ಷೆಗಳ ಮೇಲೇ ಇದೆ. ರಾಣಿಯ ಲಾಂಛನವೂ ಇದೆ. ಹಿಂದೆ ನಿಂತು ಈ ಕೆಲಸಕ್ಕಾಗಿ ಕಾಯುತ್ತಿದ್ದವನು ಮಂತ್ರಿ ವಿಲಿಯಂ ಸೆಸಿಲ್, ಲಾರ್ಡ್ ಬರ್ಲಿ. ನಕ್ಷೆಗಳ ಕರಡು ಅಚ್ಚು ಬಂದ ಹಾಗೆ ತರಿಸಿಕೊಂಡು, ಅವುಗಳ ಮೇಲೆ ತನ್ನ ಕೈಯಲ್ಲೇ ಟಿಪ್ಪಣಿ ಬರೆದುಕೊಂಡು, ಹೊಲಿಸಿ ಇಟ್ಟುಕೊಂಡ. ಆ ಸಂಪುಟ ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದನ್ನು ನೋಡಿದರೆ ಕೌಂಟಿ ನಕ್ಷೆ ಯಾತಕ್ಕೆ ಬೇಕಿತ್ತು ಅನ್ನೋದು ಸ್ಪಷ್ಟ. ಇದು ಗೋಡೆಗೆ ಹಾಕುವ ಚಿತ್ರ ಆಗಿರಲಿಲ್ಲ. ರಾಜ್ಯ ಆಳುವವನ ಮೇಜಿನ ಮೇಲಿನ ಕಡತ ಆಗಿತ್ತು.

1576ರಲ್ಲಿ ಸ್ಯಾಕ್ಸ್‌ಟನ್ ವೇಲ್ಸ್‌ಗೆ ಹೊರಟಾಗ ರಾಣಿಯ ಮಂತ್ರಿಮಂಡಲಿ ಅಲ್ಲಿನ ನ್ಯಾಯಾಧಿಕಾರಿಗಳಿಗೆ ಒಂದು ಆದೇಶ ಕಳಿಸಿತು. ಈತ ಕೇಳಿದ ಗೋಪುರ, ಕೋಟೆ, ಗುಡ್ಡ, ಯಾವುದೇ ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ ಸೀಮೆ ತೋರಿಸಬೇಕು. ಆ ಕಡೆಯ ನೆಲ ಬಲ್ಲ ಇಬ್ಬರು ಮೂವರು ಪ್ರಾಮಾಣಿಕರು ಜೊತೆಗಿರಬೇಕು. ಒಂದೂರಿನ ಕೆಲಸ ಮುಗಿದ ಮೇಲೆ, ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲ ಕುದುರೆ ಸವಾರನೊಬ್ಬ ಮುಂದಿನ ಸಂತೆ ಊರಿಗೆ ತಲುಪಿಸಬೇಕು. ಸರ್ವೆ ಅಂದರೆ ಬರೀ ಉಪಕರಣ ಅಲ್ಲ, ಹೊಳೆಯ ಹೆಸರು, ಊರಿನ ಹೆಸರು ಹೇಳುವ ಸ್ಥಳೀಯರು ಅನ್ನೋದು ಈ ಆದೇಶದಲ್ಲಿ ಚೆನ್ನಾಗಿ ಕಾಣುತ್ತದೆ. ಆ ಜನರಲ್ಲಿ ಯಾರ ಹೆಸರೂ ನಕ್ಷೆಯ ಮೇಲಿಲ್ಲ. ಕೆತ್ತಿದವರ ಹೆಸರಾದರೂ ಹಲವು ಹಾಳೆಗಳ ಮೇಲೆ ಉಳಿದಿದೆ: ಅಗಸ್ಟಿನ್ ರೈದರ್, ರೆಮಿಜಿಯಸ್ ಹೋಗನ್‌ಬರ್ಗ್, ಲೆನಾರ್ಟ್ ಟೆರ್‌ವೂರ್ಟ್. ಇವರಲ್ಲಿ ಹಲವರು ಫ್ಲೆಮಿಷ್, ಡಚ್ ಕಡೆಯಿಂದ ಬಂದವರು.

ಸ್ಯಾಕ್ಸ್‌ಟನ್ ನಕ್ಷೆಯಲ್ಲಿ ರಸ್ತೆಗಳೇ ಇಲ್ಲ. ನದಿ ಇದೆ, ಸೇತುವೆ ಇದೆ, ಬೇಲಿ ಹಾಕಿದ ಬೇಟೆಯ ತೋಪುಗಳಿವೆ, ದಾರಿ ಇಲ್ಲ. ಮಿಡ್ಲ್‌ಸೆಕ್ಸ್ ಕೌಂಟಿಯ ನಕ್ಷೆಗೆ 1593ರಲ್ಲಿ ರಸ್ತೆ ಸೇರಿಸಿದವನು ಜಾನ್ ನಾರ್ಡನ್. ಪಾಪ, ಅವನಿಗೆ ಸೆಕ್‌ಫರ್ಡ್‌ನಂಥ ಧಣಿ ಸಿಗಲಿಲ್ಲ. ಎಲ್ಲ ಕೌಂಟಿಗಳನ್ನೂ ಮಾಡಬೇಕೆಂದು ಹೊರಟವನ ಕೆಲಸ ಕೆಲವು ಕೌಂಟಿಗಳಿಗೇ ನಿಂತಿತು. ಅವನ ಜೀವಮಾನದಲ್ಲಿ ಅವನೇ ಅಚ್ಚು ಹಾಕಿಸಿದ್ದು ಇನ್ನೂ ಕಡಿಮೆ. ಕೆಲಸದಲ್ಲಿ ಅವನು ಯಾರಿಗೂ ಕಮ್ಮಿ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಸ್ಯಾಕ್ಸ್‌ಟನ್‌ನ ತಗಡುಗಳ ಕಥೆ ಕೇಳಿ. 1645ರಲ್ಲಿ, ಅಂತರ್ಯುದ್ಧದ ನಡುವೆ, ವಿಲಿಯಂ ವೆಬ್ ಎಂಬುವನು ಅವುಗಳಿಂದ ಮತ್ತೆ ಅಚ್ಚು ತೆಗೆದ. ಎಲಿಜಬೆತ್ ತೀರಿಕೊಂಡು ನಲವತ್ತು ವರ್ಷ ದಾಟಿತ್ತು. ಅವಳ ಲಾಂಛನ ತೆಗೆದು ಚಾರ್ಲ್ಸ್ ದೊರೆಯದನ್ನು ಹಾಕಿಸಿದ. ಇಸವಿ ಬದಲಿಸಿದ. ನೆಲ ಮಾತ್ರ 1570ರ ದಶಕದ್ದೇ. 1690ರ ಸುಮಾರಿಗೆ ಅವು ಫಿಲಿಪ್ ಲೀ ಕೈಗೆ ಬಂದವು. ಅವನು ರಸ್ತೆಗಳನ್ನು ಕೆತ್ತಿಸಿದ, ಸ್ಪೀಡ್‌ನ ನಕ್ಷೆಗಳಿಂದ ಪಟ್ಟಣದ ಚಿತ್ರಗಳನ್ನು ನಕಲು ಮಾಡಿ ಖಾಲಿ ಜಾಗದಲ್ಲಿ ತುಂಬಿಸಿದ. ಅಂದರೆ ಲೀ ಮಾರಿದ ಹಾಳೆಯಲ್ಲಿ ಗುಡ್ಡ ಎಲಿಜಬೆತ್ ಕಾಲದ್ದು, ಪಟ್ಟಣ ಜೇಮ್ಸ್ ಕಾಲದ್ದು, ರಸ್ತೆ ಅವನ ಕಾಲದ್ದು. ಕೊಂಡವರಿಗೆ ಅದೆಲ್ಲ ಒಂದೇ ನಕ್ಷೆ. 18ನೇ ಶತಮಾನದಲ್ಲೂ ಆ ತಗಡುಗಳಿಗೆ ಕೆಲಸ ಇತ್ತು.

ಜಾನ್ ಸ್ಪೀಡ್ ಬಗ್ಗೆ ಎಲ್ಲರಿಗೂ ಸ್ವಲ್ಪ ಗೊತ್ತಿರುತ್ತದೆ. ಚೆಷೈರ್‌ನ ಫಾರ್ನ್‌ಡನ್‌ನಲ್ಲಿ 1552ರಲ್ಲಿ ಹುಟ್ಟಿದವನು. ವೃತ್ತಿಯಲ್ಲಿ ದರ್ಜಿ. ಇತಿಹಾಸದ ಹುಚ್ಚು. ಫಲ್ಕ್ ಗ್ರೆವಿಲ್ ಎಂಬ ಶ್ರೀಮಂತ ಅವನನ್ನು ಹೊಟ್ಟೆಪಾಡಿನ ಕೆಲಸದಿಂದ ಬಿಡಿಸಿ ಓದು ಬರಹಕ್ಕೆ ಅನುಕೂಲ ಮಾಡಿಕೊಟ್ಟ. 1611–12ರಲ್ಲಿ ಬಂದ ಅವನ ಅಟ್ಲಾಸ್‌ನ ಹೆಸರು 'ಥಿಯೇಟರ್ ಆಫ್ ದಿ ಎಂಪೈರ್ ಆಫ್ ಗ್ರೇಟ್ ಬ್ರಿಟನ್'. ನೆಲದ ಸರ್ವೆ ಬಹುಪಾಲು ಸ್ಯಾಕ್ಸ್‌ಟನ್ ಮತ್ತು ನಾರ್ಡನ್‌ದು. ಬೇರೆಯವರ ಬೆಳೆಗೆ ನನ್ನ ಕುಡುಗೋಲು ಹಾಕಿದ್ದೇನೆ ಎಂದು ಅವನೇ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಆದರೆ ಅವನು ಸೇರಿಸಿದ್ದು ಕಡಿಮೆ ಏನಲ್ಲ. ಕೌಂಟಿಯೊಳಗಿನ 'ಹಂಡ್ರೆಡ್'ಗಳ ಗಡಿಯನ್ನು ಗುರುತಿಸಿದ. ತಾಲ್ಲೂಕಿನೊಳಗೆ ನಮ್ಮ ಹೋಬಳಿ ಇರುವ ಹಾಗೆ ಅವು. ಮೂಲೆಗಳಲ್ಲಿ ಪಟ್ಟಣಗಳ ನಕ್ಷೆ ಹಾಕಿದ, ಅವುಗಳಲ್ಲಿ ಹೆಚ್ಚಿನವನ್ನು ತಾನೇ ಹೋಗಿ ಹೆಜ್ಜೆ ಅಳತೆಯಲ್ಲಿ ಅಳೆದ. ಅಂಥ ನಕ್ಷೆಗಳ ಕೆಳಗೆ ಹೆಜ್ಜೆಗಳ ಅಳತೆಪಟ್ಟಿ ಇದೆ. ಎಷ್ಟೋ ಇಂಗ್ಲಿಷ್ ಪಟ್ಟಣಗಳಿಗೆ ಅಚ್ಚಾದ ಮೊದಲ ನಕ್ಷೆ ಇದೇ. ಬೀದಿ, ಚರ್ಚು, ಕೋಟೆಗೋಡೆ, ಬಾಗಿಲು ಎಲ್ಲ ಇದೆ. ನನ್ನ ಮಟ್ಟಿಗೆ ಸ್ಪೀಡ್‌ನ ನಿಜವಾದ ಕೊಡುಗೆ ಈ ಸಣ್ಣ ಚೌಕಗಳಲ್ಲಿದೆ. ಅಂಚಿನ ಲಾಂಛನ, ಹಡಗು, ಯುದ್ಧದ ಚಿತ್ರಗಳನ್ನು ಎಲ್ಲರೂ ಮೆಚ್ಚುತ್ತಾರೆ. ನೀವು ಪಟ್ಟಣದ ಚೌಕ ನೋಡಿ.

ಸ್ಪೀಡ್ ಹಾಳೆಯ ಬೆನ್ನಿನಲ್ಲಿ ಆ ಕೌಂಟಿಯ ವಿವರಣೆ ಅಚ್ಚಾಗಿರುತ್ತದೆ. ಅದು ತಾಮ್ರದ್ದಲ್ಲ, ಬಿಡಿ ಅಕ್ಷರಗಳ ಅಚ್ಚುಮೊಳೆ ಜೋಡಿಸಿ ಹಾಕಿದ್ದು. ಪ್ರತಿ ಆವೃತ್ತಿಗೂ ಮೊಳೆಗಳನ್ನು ಹೊಸದಾಗಿ ಜೋಡಿಸಬೇಕು. ಹಾಗಾಗಿ ಸಾಲು ಎಲ್ಲಿ ಮುರಿಯುತ್ತದೆ, ಮೊದಲಕ್ಷರದ ಅಲಂಕಾರ ಹೇಗಿದೆ ಅನ್ನೋದು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಮುಂಭಾಗದಲ್ಲಿ ಯಾವ ವ್ಯತ್ಯಾಸವೂ ಕಾಣದ ಎರಡು ಹಾಳೆಗಳ ಕಾಲವನ್ನು ಬೆನ್ನು ಹೇಳಿಬಿಡುತ್ತದೆ. ಮುಂಭಾಗದಲ್ಲಿ ಪ್ರಕಾಶಕರ ಹೆಸರು ನೋಡಿ. ಮೊದಲು ಸಡ್ಬರಿ ಮತ್ತು ಹಂಬಲ್, ಆಮೇಲೆ ಹಂಬಲ್ ಒಬ್ಬನೇ, 1676ರಲ್ಲಿ ಬ್ಯಾಸೆಟ್ ಮತ್ತು ಚಿಸ್ವೆಲ್, ಕೊನೆಗೆ ಓವರ್‌ಟನ್. ಆ 1676ರ ಮಿಡ್ಲ್‌ಸೆಕ್ಸ್ ಹಾಳೆಯಲ್ಲಿ ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಚರ್ಚು ಇನ್ನೂ ಇದೆ. ಅದು ಸುಟ್ಟು ಹತ್ತು ವರ್ಷ ಆಗಿತ್ತು.

ಸ್ಕಾಟ್ಲೆಂಡಿನ ಕಥೆ ಬೇರೆ. ಅಲ್ಲಿ 1580, 90ರ ದಶಕಗಳಲ್ಲಿ ಟಿಮೊಥಿ ಪಾಂಟ್ ಊರೂರು ಅಲೆದು ಕೈಯಲ್ಲಿ ನಕ್ಷೆ ಬರೆದ. ಅವನ ಕಾಲದಲ್ಲಿ ಅವು ಅಟ್ಲಾಸ್ ಆಗಲಿಲ್ಲ. ಅವನು ಸತ್ತು ದಶಕಗಳಾದ ಮೇಲೆ, ಸ್ಟ್ರಾಲಾಕ್‌ನ ರಾಬರ್ಟ್ ಗಾರ್ಡನ್ ಮುಂತಾದವರು ತಿದ್ದಿ ಕೂಡಿಸಿ, 1654ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೋನ್ ಬ್ಲಾವು ಅಚ್ಚು ಹಾಕಿದ. ಬ್ಲಾವು ಹಾಳೆಗಳು ನೋಡಲು ಬಹಳ ಸೊಗಸು. ಪಾಂಟ್‌ನ ಉಳಿದಿರುವ ಕೈಬರಹದ ಹಾಳೆಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಮನೆಯಲ್ಲೇ ಕೂತು ಅವರ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ದಯವಿಟ್ಟು ನೋಡಿ. ನಡೆದು ನೋಡಿದವನ ಅವಸರದ ಗೆರೆಗಳು ಅವು.

ಮೈಲಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. 1593ರ ಕಾನೂನು ಮೈಲಿಗೆ 1760 ಗಜ ಎಂದು ನಿಗದಿ ಮಾಡಿತ್ತು. ಆದರೂ ಸೀಮೆಗೊಂದು ಮೈಲಿ ಚಾಲ್ತಿಯಲ್ಲಿತ್ತು. 1695ರ ರಾಬರ್ಟ್ ಮಾರ್ಡನ್‌ನ ಕೌಂಟಿ ನಕ್ಷೆಗಳಲ್ಲಿ ದೊಡ್ಡ ಮೈಲಿ, ನಡು ಮೈಲಿ, ಸಣ್ಣ ಮೈಲಿ ಅಂತ ಮೂರು ಅಳತೆಪಟ್ಟಿ ಕಾಣುತ್ತೀರಿ. ಈ ಗೊಂದಲವನ್ನು ರಸ್ತೆಯ ಮೇಲೆ ಬಗೆಹರಿಸಿದವನು ಜಾನ್ ಓಗಿಲ್ಬಿ. 1675ರಲ್ಲಿ ಬಂದ ಅವನ 'ಬ್ರಿಟಾನಿಯಾ'ದಲ್ಲಿ 100 ಹಾಳೆ, 73 ರಸ್ತೆ, ಸುಮಾರು 7500 ಮೈಲಿ. ಗಾಲಿ ಉರುಳಿಸಿ ಅಳೆದದ್ದು. ಒಂದು ಇಂಚಿಗೆ ಒಂದು ಮೈಲಿ, ಮೈಲಿಗೆ 1760 ಗಜ. ರಸ್ತೆಯನ್ನು ಉದ್ದ ಪಟ್ಟಿಗಳಾಗಿ ಬಿಡಿಸಿದ್ದಾನೆ. ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋಗಬೇಕು. ದಾರಿ ತಿರುಗಿದಂತೆ ಉತ್ತರವೂ ತಿರುಗುವುದರಿಂದ ಪ್ರತಿ ಪಟ್ಟಿಗೂ ಬೇರೆ ದಿಕ್ಸೂಚಿ. ಗುಡ್ಡ ನೆಟ್ಟಗಿದ್ದರೆ ಏರು, ತಲೆಕೆಳಗಾಗಿದ್ದರೆ ಇಳಿಜಾರು. ಇದನ್ನು ಮಾಡಿದಾಗ ಅವನಿಗೆ ಎಪ್ಪತ್ತರ ಮೇಲೆ ವಯಸ್ಸು. ಅದಕ್ಕೂ ಮೊದಲು ನೃತ್ಯಗಾರ, ನಾಟಕಶಾಲೆ ನಡೆಸಿದವನು, ಅನುವಾದಕ. 1666ರ ಲಂಡನ್ ಬೆಂಕಿಯಲ್ಲಿ ದಾಸ್ತಾನೆಲ್ಲ ಕಳೆದುಕೊಂಡು ಮತ್ತೆ ಎದ್ದು ನಿಂತವನು.

ಓಗಿಲ್ಬಿ ಬಂದ ಮೇಲೆ ಎಲ್ಲರೂ ಅವನ ರಸ್ತೆಗಳನ್ನು ಎತ್ತಿಕೊಂಡು ತಮ್ಮ ಹಳೆಯ ಕೌಂಟಿ ನಕ್ಷೆಗೆ ಸೇರಿಸಿದರು. ನೆಲ ಮಾತ್ರ ಇನ್ನೂ ಸ್ಯಾಕ್ಸ್‌ಟನ್‌ದೇ. ಅದು ಬದಲಾಗಬೇಕಾದರೆ ಅಳತೆಗೆ ಯಾರಾದರೂ ದುಡ್ಡು ಇಡಬೇಕಿತ್ತು. 1759ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಇಟ್ಟಿತು. ಇಂಚಿಗೊಂದು ಮೈಲಿ ಅಳತೆಯಲ್ಲಿ ಕೌಂಟಿಯೊಂದನ್ನು ಹೊಸದಾಗಿ ಸರ್ವೆ ಮಾಡಿದವರಿಗೆ 100 ಪೌಂಡ್ ಬಹುಮಾನ. ಮೊದಲ ಬಹುಮಾನ 1765ರಲ್ಲಿ ಡೆವನ್ ನಕ್ಷೆಗೆ, ಬಿಡೆಫರ್ಡ್ ಊರಿನ ಮೇಷ್ಟ್ರು ಬೆಂಜಮಿನ್ ಡಾನ್‌ಗೆ. ಮುಂದೆ ಒಂದೊಂದೇ ಕೌಂಟಿಗೆ ದೊಡ್ಡ ನಕ್ಷೆಗಳು ಬಂದವು. ಸ್ಯಾಕ್ಸ್‌ಟನ್ ಆದ ಸುಮಾರು ಇನ್ನೂರು ವರ್ಷಕ್ಕೆ ನೆಲ ಮತ್ತೆ ಕಾಗದಕ್ಕೆ ಇಳಿಯಿತು.

ಈ ಕಾಲದ ಅತ್ಯಂತ ಸ್ವಚ್ಛ ಕೆಲಸ ಜಾನ್ ಕ್ಯಾರಿಯದು. 1787ರ ಅವನ ಇಂಗ್ಲಿಷ್ ಅಟ್ಲಾಸ್‌ನಲ್ಲಿ ಬಳ್ಳಿ, ದೇವತೆ, ಹಡಗು ಏನೂ ಇಲ್ಲ. ಅಕ್ಷರ ತಿಳಿ, ಗೆರೆ ತಿಳಿ. ಅವನ ಸಹೋದರ ವಿಲಿಯಂ ಕ್ಯಾರಿ ಉಪಕರಣ ತಯಾರಕ. ಇಲ್ಲಿ ನಮ್ಮ ನಾಡಿಗೆ ಒಂದು ನಿಜವಾದ ನಂಟು ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಝಿ ಮೈಸೂರಿನ ಸರ್ವೆಗೆ ಇಳಿದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆ, ಅಂದರೆ ಸರ್ವೆಯ ತ್ರಿಕೋನಗಳಿಗೆ ಬುಡವಾಗುವ ಗೆರೆ, ಅಳೆದ. ಲ್ಯಾಂಬ್ಟನ್‌ಗಾಗಿ ಇಂಗ್ಲೆಂಡಿನಿಂದ ಬಂದ, ಅರ್ಧ ಟನ್ ತೂಗುತ್ತಿದ್ದ, ಕೋನ ಅಳೆಯುವ ದೊಡ್ಡ ಥಿಯೋಡೊಲೈಟ್ ಇದೇ ವಿಲಿಯಂ ಕ್ಯಾರಿ ಮಾಡಿದ್ದು. ಬರುವ ದಾರಿಯಲ್ಲಿ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಆಮೇಲೆ ಅಲ್ಲಿನ ಗವರ್ನರ್ ಉಪಕರಣವನ್ನು ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟ. ಅತ್ತ ಬ್ರಿಟನ್ನಿನಲ್ಲಿ 1801ರ ಜನವರಿ 1ರಂದು ಕೆಂಟ್ ಕೌಂಟಿಯ ನಾಲ್ಕು ಹಾಳೆಯ ನಕ್ಷೆ ಬಂತು. ಬ್ರಿಟಿಷ್ ಸರ್ಕಾರದ ನಕ್ಷೆ ಇಲಾಖೆಯಾದ ಆರ್ಡ್ನೆನ್ಸ್ ಸರ್ವೆಯ, ಇಂಚಿಗೊಂದು ಮೈಲಿ ಅಳತೆಯ ಮೊದಲ ನಕ್ಷೆ ಅದು. ಅಲ್ಲೂ ಇಲ್ಲೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಸರ್ಕಾರವೇ, ತ್ರಿಕೋನ ಕಟ್ಟಿ ನೆಲ ಅಳೆಯಲು ಹೊರಟಿತ್ತು.

ಕೊನೆಗೆ ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆ. ಕೊಳ್ಳುವಾಗ ಏನು ನೋಡಬೇಕು ಅಂತ ಒಬ್ಬರು ಕೇಳಿದರು. ತಗಡಿನ ಅಂಚು ಕಾಗದದ ಮೇಲೆ ಒತ್ತಿದ ಚೌಕದ ಗುರುತು ಇದೆಯಾ ನೋಡಿ. ಬೆಳಕಿಗೆ ಹಿಡಿದರೆ ಕಾಗದ ಮಾಡಿದ ಜರಡಿಯ ಗೆರೆಗಳು, ನೀರುಗುರುತು ಕಾಣುತ್ತವೆಯಾ ನೋಡಿ. ಹಸಿರು ಬಣ್ಣದ ಹಿಂಭಾಗ ನೋಡಿ: ಹಳೆಯ ತಾಮ್ರದ ಹಸಿರು ಕಾಗದವನ್ನು ತಿನ್ನುತ್ತದೆ, ಬೆನ್ನಿನಲ್ಲಿ ಕಂದು ಕಲೆ ಬಿದ್ದಿರುತ್ತದೆ. ಕಲೆ ಇದ್ದರೆ ಬಣ್ಣ ಹಳೆಯದು ಅನ್ನಲು ಅದೊಂದು ಒಳ್ಳೆಯ ಸುಳಿವು. ಬಣ್ಣ ಮೊನ್ನೆ ಮೊನ್ನೆ ಹಾಕಿದ್ದಾದರೂ ನಕ್ಷೆ ನಿಜವಾದದ್ದೇ ಇರಬಹುದು, ಬೆಲೆ ಮಾತ್ರ ಬೇರೆ.

ಇನ್ನೊಬ್ಬರ ಪ್ರಶ್ನೆ ಕಷ್ಟದ್ದು: ಮಾರಾಟಕ್ಕಿರುವ ಬಿಡಿ ಹಾಳೆಗಳೆಲ್ಲ ಅಟ್ಲಾಸ್ ಹರಿದು ತೆಗೆದವೇ ಅಲ್ವಾ? ಬಹುಪಾಲು ಹೌದು. ಇಡೀ ಪುಸ್ತಕಕ್ಕಿಂತ ಬಿಡಿ ಹಾಳೆಗಳಿಗೆ ಜಾಸ್ತಿ ದುಡ್ಡು ಸಿಕ್ಕಾಗ ಪುಸ್ತಕ ಉಳಿಯಲಿಲ್ಲ. ಎಂದೋ ಬಿಡಿಯಾದ ಹಾಳೆಯನ್ನು ಕೊಳ್ಳೋದರಲ್ಲಿ ತಪ್ಪಿಲ್ಲ ಅಂತ ನಾನು ತಿಳಿದಿದ್ದೇನೆ. ಈಗಲೂ ಹೊಲಿಗೆ ಗಟ್ಟಿ ಇರುವ ಅಟ್ಲಾಸನ್ನು ಬಿಚ್ಚಿ ಮಾರುವುದನ್ನು ಮಾತ್ರ ಒಪ್ಪಲಾರೆ. ಯಾವ ಹಾಳೆಯ ಪಕ್ಕ ಯಾವುದು ಇತ್ತು, ಅಂಚಿನಲ್ಲಿ ಯಾರು ಏನು ಬರೆದಿದ್ದರು, ಯಾವ ಆವೃತ್ತಿಯ ಹಾಳೆಗಳನ್ನು ಸೇರಿಸಿ ಹೊಲಿದಿದ್ದರು ಅನ್ನೋದೆಲ್ಲ ಬಿಚ್ಚಿದ ದಿನವೇ ಹೋಗುತ್ತದೆ. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ: ಈ ಹಾಳೆ ಯಾವಾಗ, ಯಾವ ಪುಸ್ತಕದಿಂದ ಬಂತು?